ಕುಲಾವಿಯ ಅವಸರ

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವವರನ್ನು ಕಂಡು ನಮ್ಮ ಹಿರಿಯರು ನಕ್ಕರು. ಇಂದಿನ ವಿಡಿಯೋ ಆಟಗಳ ಉದ್ಯಮದಲ್ಲಿ ಆ ಕುಲಾವಿ ಒಂದಲ್ಲ, ಮೂರು. ಎಷ್ಟೋ ವೇಳೆ ಮೊದಲನೆಯ ಆಟ ಇನ್ನೂ ಅಂಗಡಿಯ ಮುಖ ಕಂಡಿರುವುದಿಲ್ಲ. ಎರಡನೆಯ, ಮೂರನೆಯ ಭಾಗಗಳ ಘೋಷಣೆ ಆಗಲೇ ಆಗಿಹೋಗಿರುತ್ತದೆ. ಇದನ್ನು ಬರಿಯ ಜಂಬವೆಂದು ತಳ್ಳಿಹಾಕಬಹುದೆ?

ಹಾಗೆನ್ನುವುದು ನ್ಯಾಯವಾಗದು. ದೊಡ್ಡ ಆಟವೊಂದರ ನಿರ್ಮಾಣಕ್ಕೆ ವರ್ಷಗಟ್ಟಲೆ ಕಾಲವೂ ಕೋಟಿಗಟ್ಟಲೆ ಹಣವೂ ಬೇಕು. ಅದರ ಲೋಕ, ಪಾತ್ರ, ತಂತ್ರಾಂಶಗಳನ್ನು ಒಮ್ಮೆ ಸಿದ್ಧಪಡಿಸಿಕೊಂಡರೆ ಅವು ಮುಂದಿನ ಭಾಗಗಳಿಗೂ ಒದಗುತ್ತವೆ. ವೆಚ್ಚ ಮೂರು ಪಾಲಾಗಿ ಹಂಚಿಹೋಗುತ್ತದೆ. ಹಣ ಹೂಡುವವನ ಕಿವಿಗೆ ಈ ಲೆಕ್ಕ ಹಿತವಾದದ್ದೇ.

ಈ ಲೆಕ್ಕದ ಸೋಲು, ಗೆಲುವು ಎರಡನ್ನೂ ಕೆನಡಾ ದೇಶದ ಎರಡು ಸಂಸ್ಥೆಗಳಲ್ಲಿ ಕಾಣಬಹುದು. ಸಿಲಿಕಾನ್ ನೈಟ್ಸ್ ಸಂಸ್ಥೆಯ ‘ಟೂ ಹ್ಯೂಮನ್’, ಬಯೋವೇರ್ ಸಂಸ್ಥೆಯ ‘ಮಾಸ್ ಎಫೆಕ್ಟ್’ – ಇವೆರಡೂ ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ 360 ಯಂತ್ರಕ್ಕೆಂದು 2005ರಲ್ಲಿ ಪ್ರಕಟವಾದವು. ಎರಡನ್ನೂ ಮೂರು ಭಾಗಗಳ ಮಾಲೆಯೆಂದೇ ಸಾರಲಾಯಿತು.

‘ಟೂ ಹ್ಯೂಮನ್’ 1999ರಲ್ಲಿಯೇ ಬೇರೊಂದು ಯಂತ್ರಕ್ಕೆಂದು ಘೋಷಿತವಾಗಿದ್ದ ಆಟ. ಉತ್ತರ ಯೂರೋಪಿನ ಪುರಾಣದ ಬಾಲ್ಡರ್ ದೇವತೆಯನ್ನು ನಾಯಕನನ್ನಾಗಿ ಮಾಡಿಕೊಂಡು ಕೊನೆಗೆ 2008ರಲ್ಲಿ ಅದು ಹೊರಬಂದಾಗ ದೊರೆತದ್ದು ಮಿಶ್ರ ಸ್ವಾಗತ. ಅಷ್ಟರಲ್ಲಿ ಆಟದ ಮೂಲ ತಂತ್ರಾಂಶವನ್ನು ಕುರಿತು ಎಪಿಕ್ ಗೇಮ್ಸ್ ಸಂಸ್ಥೆಯೊಡನೆ ವ್ಯಾಜ್ಯ ಹೂಡಿಯಾಗಿತ್ತು. 2012ರಲ್ಲಿ ಸಿಲಿಕಾನ್ ನೈಟ್ಸ್ ಆ ವ್ಯಾಜ್ಯವನ್ನು ಸೋತಿತು. ಮಾರಾಟವಾಗದೆ ಉಳಿದ ಪ್ರತಿಗಳನ್ನು ನಾಶಪಡಿಸಬೇಕೆಂದು ನ್ಯಾಯಾಲಯ ವಿಧಿಸಿತು. 2014ರಲ್ಲಿ ಸಂಸ್ಥೆ ದಿವಾಳಿಯೆದ್ದಿತು. ಉಳಿದೆರಡು ಭಾಗಗಳು ಬರಲಿಲ್ಲ. ಬಾಲ್ಡರನ ಕಥೆ ನಡುದಾರಿಯಲ್ಲಿಯೇ ನಿಂತುಹೋಯಿತು.

‘ಮಾಸ್ ಎಫೆಕ್ಟ್’ ಮಾತು ಉಳಿಸಿಕೊಂಡಿತು. 2007, 2010, 2012 – ಹೀಗೆ ಮೂರು ಭಾಗಗಳೂ ಬಂದವು. ಮೊದಲ ಭಾಗದಲ್ಲಿ ಸಾರೆನ್ ಎಂಬ ಎದುರಾಳಿಯ ಕಥೆ ಅಲ್ಲಿಯೇ ಮುಗಿಯುತ್ತದೆ. ಅದಕ್ಕಿಂತ ದೊಡ್ಡ ಅಪಾಯವೊಂದು ಮಾತ್ರ ಮುಂದಕ್ಕೆ ಉಳಿಯುತ್ತದೆ. ಮೇಲಾಗಿ, ಆಟಗಾರನು ಒಂದು ಭಾಗದಲ್ಲಿ ಮಾಡಿದ ಆಯ್ಕೆಗಳ ಫಲ ಮುಂದಿನ ಭಾಗಗಳಲ್ಲಿ ಕಾಣಿಸಿಕೊಳ್ಳುತ್ತದೆ. ಮೂರು ಭಾಗಗಳ ಮಾತು ಅಲ್ಲಿ ವ್ಯಾಪಾರದ ಡಂಗುರವಷ್ಟೇ ಅಲ್ಲ, ಆಟದ ಕಟ್ಟಡಕ್ಕೇ ಸೇರಿದ್ದು.

ಆದುದರಿಂದ ದೋಷವನ್ನು ಘೋಷಣೆಯ ಮೇಲೆ ಮಾತ್ರ ಹೊರಿಸುವಂತಿಲ್ಲ. ವ್ಯಾಜ್ಯದ ಹೊಡೆತ ಯಾವ ಸಂಸ್ಥೆಗಾದರೂ ತಗಲಬಹುದು. ಮಾರುಕಟ್ಟೆಯ ಮರ್ಜಿಯನ್ನು ಮುಂಗಂಡವರೂ ಇಲ್ಲ. ಆದರೆ ಮುಂದಿನ ಭಾಗದ ಭರವಸೆ ಒಂದು ಬಗೆಯ ಸಾಲ. ಸಾಲಗಾರ ಆಟ ಮಾಡುವವನು. ಸಾಲ ಕೊಟ್ಟವನು ಪತ್ರವಿಲ್ಲದೆ, ಸಾಕ್ಷಿಯಿಲ್ಲದೆ ನಂಬಿ ಮೊದಲ ಭಾಗಕ್ಕೆ ಪೂರ್ಣ ಬೆಲೆ ತೆತ್ತ ಆಟಗಾರ. ಸಂಸ್ಥೆ ಮುಳುಗಿದ ದಿನ ಅವನ ಲೆಕ್ಕವನ್ನು ಯಾವ ನ್ಯಾಯಾಲಯವೂ ಕೇಳುವುದಿಲ್ಲ.

ಎರಡನೆಯ ಭಾಗ ಬಾರದೆಹೋದರೂ ಮೊದಲನೆಯದು ತನ್ನ ಕಾಲ ಮೇಲೆ ನಿಲ್ಲುವಂತಿರಬೇಕು. ಪೂರ್ಣ ಬೆಲೆ ತೆಗೆದುಕೊಳ್ಳುವವನಿಗೆ ಪೂರ್ಣ ಕಥೆ ಕೊಡುವ ಹೊಣೆ ತಪ್ಪದು. ಆ ಹೊಣೆ ತೀರಿದ ಮೇಲೆ ಎಷ್ಟು ಕುಲಾವಿ ಹೊಲಿಸಿದರೂ ನಗುವವರಿಲ್ಲ.