ಬರಲಿರುವ ದಿನಗಳು ಮತ್ತು ನೆರೆಯ ಕಲಾವಿದರು

ಚಿತ್ರವು ಕಣ್ಣಿಗೆ ಕಂಡುದರ ಅನುಕರಣ ಮಾತ್ರವಲ್ಲ. ಇನ್ನೂ ಕಾಣದಿರುವುದನ್ನು ಮೊದಲು ತಾನು ಕಂಡು, ಅನಂತರ ಇತರರಿಗೆ ಕಾಣಿಸುವ ಸಾಮರ್ಥ್ಯವೂ ಅದಕ್ಕುಂಟು. ನಮ್ಮ ಆಲಂಕಾರಿಕರು ಪ್ರತಿಭೆಯನ್ನು ಹೊಸತು ಹೊಸತನ್ನು ಅರಳಿಸುವ ಪ್ರಜ್ಞೆಯೆಂದು ಬಗೆದುದು ಕಾವ್ಯಕ್ಕೆ ಸಲ್ಲುವಂತೆಯೇ ಚಿತ್ರಶಿಲ್ಪಗಳಿಗೂ ಸಲ್ಲುತ್ತದೆ. ಹೀಗಿದ್ದರೂ ನಮ್ಮ ಶಾಲೆಗಳಲ್ಲಿ ಚಿತ್ರಕಲೆಯು ಬಹುಮಟ್ಟಿಗೆ ಸ್ನೇಹಸಮ್ಮೇಳನದ ದಿನ ಗೋಡೆಯೇರಿ ಮರುದಿನ ಕೆಳಗಿಳಿಯುವ ಅಲಂಕಾರವಾಗಿಯೇ ಉಳಿದಿದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಕಲಾವಿದರನ್ನು ವರ್ಷಕ್ಕೊಮ್ಮೆ ಆಹ್ವಾನಿಸಿ, ಈ ನೆಲದ ಭರವಸೆಯ ನಾಳೆಗಳನ್ನು ಕುರಿತು ಅವರು ಇಂದು ರಚಿಸಿದ ಕೃತಿಗಳನ್ನು ಜನರ ಮುಂದಿಡುವ ಹೊಣೆಯನ್ನು ವಿದ್ಯಾಸಂಸ್ಥೆಗಳು ಹೊರಬೇಕೆಂಬುದೇ ಇಲ್ಲಿಯ ಪ್ರತಿಪಾದ್ಯ ವಿಷಯ.

ಪ್ರತಿಭೆಗೆ ಈ ಪ್ರದೇಶದಲ್ಲಿ ಎಂದೂ ಬರಗಾಲವಿಲ್ಲ, ಬರಗಾಲವಿರುವುದು ಆಶ್ರಯಕ್ಕೆ. 949ರಲ್ಲಿ ಮುದುವೊಳಲಿನ, ಅಂದರೆ ಇಂದಿನ ಮುಧೋಳದ, ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನು ವಿದ್ಯೆಯನ್ನರಸಿ ದೂರದ ಶ್ರವಣಬೆಳಗೊಳದವರೆಗೆ ಹೋಗಬೇಕಾಯಿತು. ಚಾವುಂಡರಾಯನೂ ಅತ್ತಿಮಬ್ಬೆಯೂ ಆಶ್ರಯವಿತ್ತ ಮೇಲೆಯೇ ಬಳೆಗಾರನ ಮಗ ಕವಿಚಕ್ರವರ್ತಿಯಾಗುವ ದಾರಿ ತೆರೆಯಿತು. ಸಾವಿರ ವರ್ಷಗಳು ಕಳೆದರೂ ಈ ಕಥೆ ಹೆಚ್ಚು ಬದಲಾಗಿಲ್ಲ. ಕಲಬುರ್ಗಿಯಲ್ಲಿ ಹುಟ್ಟಿದ ಎಸ್. ಎಂ. ಪಂಡಿತರ ಕುಂಚಕ್ಕೆ ಕೀರ್ತಿ ಬಂದುದು ಮುಂಬಯಿಯಲ್ಲಿ. ಇಂದಿಗೂ ಕುಂಚ ಹಿಡಿಯಬಲ್ಲ ತರುಣನು ಕೊಲ್ಲಾಪುರ, ಪುಣೆ, ಬೆಂಗಳೂರುಗಳ ಬಸ್ಸು ಹತ್ತುತ್ತಾನೆ. ಹತ್ತಲಾರದವನು ಅಂಗಡಿಯ ಫಲಕ ಬರೆಯುತ್ತಿದ್ದನು, ಫ್ಲೆಕ್ಸ್ ಬಂದ ಮೇಲೆ ಆ ಕಸುಬೂ ಅವನ ಕೈಬಿಟ್ಟಿತು. ಹೀಗೆ ಸುಮ್ಮನಾದ ಕೈಗಳೆಷ್ಟೋ ಲೆಕ್ಕವಿಟ್ಟವರಿಲ್ಲ.

ನಾಳೆಯನ್ನು ಚಿತ್ರಿಸುವುದು ಇಲ್ಲಿಯ ಜನಕ್ಕೆ ಅಪರಿಚಿತವೇನಲ್ಲ. ರಬಕವಿ-ಬನಹಟ್ಟಿಯ ನೇಕಾರನು ಲಾಳಿಯನ್ನು ಓಡಿಸುವ ಮೊದಲೇ ಸೀರೆಯ ಅಂಚನ್ನೂ ಸೆರಗನ್ನೂ ಮನಸ್ಸಿನಲ್ಲಿ ನೇಯ್ದಿರುತ್ತಾನೆ. ಗೆರೆಯ ಕಾಗದದ ಮೇಲೆ ಒಂದೊಂದೇ ಮನೆ ತುಂಬಿ ಇಳಿಸಿದ ನಕ್ಷೆಯು ಇನ್ನೂ ಹುಟ್ಟದ ವಸ್ತ್ರದ ಜಾತಕವೇ ಸರಿ. ಕಾರಹುಣ್ಣಿಮೆಯಲ್ಲಿ ಕೋಡಿಗೆ ಬಣ್ಣ ಬಳಿಯುವ, ಮಣ್ಣೆತ್ತಿನ ಅಮಾವಾಸ್ಯೆಯಲ್ಲಿ ಜೋಡೆತ್ತು ಮಾಡುವ ಒಕ್ಕಲಿಗನು ಮುಂಬರುವ ಸುಗ್ಗಿಯನ್ನೇ ಮಣ್ಣಿನಲ್ಲಿಯೂ ಬಣ್ಣದಲ್ಲಿಯೂ ಹಾರೈಸುತ್ತಾನೆ. ಇವೆಲ್ಲಕ್ಕಿಂತ ದೊಡ್ಡ ಚಿತ್ರವೊಂದು ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಅಡ್ಡಲಾಗಿ ನಿಂತಿದೆ. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರು ಸರಕಾರದ ದಾರಿ ಕಾಯದೆ, ತಮ್ಮ ಹಣ ಹಾಕಿ, ತಮ್ಮ ಮೈ ದಂಡಿಸಿ ಕಟ್ಟಿದ ಬ್ಯಾರೇಜು ಅದು. ‘ಶ್ರಮಬಿಂದು ಸಾಗರ’ವೆಂಬ ಹೆಸರೇ ಅದರ ಚರಿತ್ರೆಯನ್ನು ಹೇಳುತ್ತದೆ. ಬೇಸಿಗೆಯಲ್ಲಿ ಬತ್ತಿದ ನದಿಯ ಉಸುಕನ್ನು ನೋಡುತ್ತ ನಿಂತವರ ಕಣ್ಣೊಳಗೆ ನಿಂತ ನೀರಿನ ಚಿತ್ರ ಮೊದಲು ಮೂಡದಿದ್ದರೆ ಒಂದು ಕಲ್ಲೂ ಅಲ್ಲಿ ಏಳುತ್ತಿರಲಿಲ್ಲ.

ಆದರೆ ಭರವಸೆಯೆಂದರೆ ಮುಖಸ್ತುತಿಯಲ್ಲ ಎಂಬುದನ್ನು ಆಹ್ವಾನಪತ್ರಿಕೆಯಲ್ಲಿಯೇ ಸ್ಪಷ್ಟಪಡಿಸಬೇಕು. ಉದಯಿಸುವ ಸೂರ್ಯ, ಹಾರುವ ಪಾರಿವಾಳ, ನಗುವ ಮಗು—ಇಷ್ಟರಿಂದಲೇ ಭವಿಷ್ಯದ ಚಿತ್ರ ಮುಗಿಯುವುದಾದರೆ ಗೋಡೆಗಡಿಯಾರದ ಕಂಪನಿಯ ಕ್ಯಾಲೆಂಡರೇ ಸಾಕು. ಬೀಳಗಿಯ ಊರುಗಳು ಆಲಮಟ್ಟಿಯ ಹಿನ್ನೀರಿನಲ್ಲಿ ಮನೆ, ಗುಡಿ, ಗೋರಿಗಳನ್ನು ಕಳೆದುಕೊಂಡಿವೆ. ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ನ್ಯಾಯಮಂಡಳಿಯು 2010ರಲ್ಲಿ ಒಪ್ಪಿಗೆಯಿತ್ತಂದಿನಿಂದ, ಮುಳುಗಲಿರುವ ಊರಿನಲ್ಲಿಯೇ ಅಕ್ಷರ ಕಲಿಯುವ ಮಕ್ಕಳು ನಮ್ಮ ನಡುವೆ ಇದ್ದಾರೆ. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆಗಳು ಉಕ್ಕಿ ಕಬ್ಬಿನ ಹೊಲಗಳನ್ನೂ ಮನೆಗಳನ್ನೂ ನುಂಗಿದುದನ್ನು ಮರೆತವರಿಲ್ಲ. ನೀರು ಹೆಚ್ಚಾದಲ್ಲಿ ಭೂಮಿ ಸವುಳು-ಜವುಳಾಗುತ್ತಿದೆ. ಮಗ್ಗದ ಮುಂದೆ ಕೂತ ತಂದೆ ಮಗನಿಗೆ ಆ ಕಸುಬನ್ನು ಹೇಳಿಕೊಡಲು ಹಿಂಜರಿಯುತ್ತಾನೆ. ಇವನ್ನು ಕಂಡೂ ಕಾಣದಂತೆ ಬರೆದ ಚಿತ್ರ ಭರವಸೆಯದಲ್ಲ, ಮರೆವಿನದು. ಇವನ್ನೆಲ್ಲ ನೆಟ್ಟ ಕಣ್ಣಿನಿಂದ ನೋಡಿದ ಮೇಲೆಯೂ ‘ಹೀಗೆ ಬದುಕಬಹುದು’ ಎಂದು ತೋರಿಸುವ ಕೃತಿಯೇ ನಿಜವಾದ ಭರವಸೆಯ ಕೃತಿ. ಮುಳುಗುವ ಊರಿನ ಮಗುವಿಗೆ ಹೊಸ ಊರು ಹೇಗಿರಬೇಕೆಂದು ಯಾರೂ ಕೇಳಿಲ್ಲ. ಕಲಾವಿದನಾದರೂ ಆ ಪ್ರಶ್ನೆಯನ್ನು ಕೇಳಲಿ.

ಇದಕ್ಕೆ ಆಕ್ಷೇಪಗಳಿಲ್ಲದಿಲ್ಲ. ಹೊಸ ಬಗೆಯ ಕಲೆ ಜನಸಾಮಾನ್ಯರಿಗೆ ತಿಳಿಯದೆಂಬುದು ಮೊದಲನೆಯದು. ‘ಶ್ರೀಕೃಷ್ಣ ಪಾರಿಜಾತ’ವನ್ನು ರಾತ್ರಿಯಿಡೀ ಎಚ್ಚರವಿದ್ದು ನೋಡಿ, ಒಂದೊಂದು ಮಾತಿನ ಒಳಮರ್ಮವನ್ನೂ ಹಿಡಿದ ಜನರನ್ನು ಹೀಗೆ ಕಡೆಗಣಿಸುವುದು ಉಚಿತವಲ್ಲ. ಕಲಾವಿದನೇ ಕೃತಿಯ ಪಕ್ಕದಲ್ಲಿ ನಿಂತು ತಿಳಿಗನ್ನಡದಲ್ಲಿ ನಾಲ್ಕು ಮಾತು ಹೇಳಿದರೆ ಅರ್ಧ ತೊಡಕು ಬಿಡುತ್ತದೆ. ಕಲಾಪ್ರದರ್ಶನವು ನಗರದ ವೈಭವವೆಂಬುದು ಎರಡನೆಯದು. 2012ರಲ್ಲಿ ಕೊಚ್ಚಿಯಲ್ಲಿ ಪ್ರಾರಂಭವಾದ ಅಂತಾರಾಷ್ಟ್ರೀಯ ಕಲಾಮೇಳವು ಹಳೆಯ ಗೋದಾಮುಗಳಲ್ಲಿಯೇ ನೆಲೆ ಕಂಡುಕೊಂಡಿತು. ಬನಹಟ್ಟಿಯಲ್ಲಿ ನಿಂತುಹೋದ ಮಗ್ಗದ ಶೆಡ್ಡು, ಜಮಖಂಡಿಯಲ್ಲಿ ಶಾಲೆಯ ಸಭಾಭವನ ಅದಕ್ಕಿಂತ ಕೀಳೇನಲ್ಲ. ಪರೀಕ್ಷೆಯ ಅಂಕಗಳಿಗೆ ಇದರಿಂದೇನು ಎಂಬುದು ಮೂರನೆಯದು. ಮುಂದಿನ ಬಾಳನ್ನು ಊಹಿಸಲಾರದ ಮಗುವಿಗೆ ಅಂಕಗಳಾದರೂ ಯಾವ ದಾರಿ ತೋರಿಯಾವು?

ಕಾರ್ಯಕ್ರಮವು ದೊಡ್ಡದಾಗಬೇಕಿಲ್ಲ, ಕ್ರಮವಾಗಿರಬೇಕು. ನಾಲ್ಕು ಊರುಗಳಲ್ಲಿ ಸರದಿಯಂತೆ ನಡೆಯಲಿ. ಸ್ಪರ್ಧೆ, ಪಾರಿತೋಷಕಗಳ ಗೊಡವೆ ಬೇಡ. ಬಂದ ಪ್ರತಿಯೊಬ್ಬ ಕಲಾವಿದನಿಗೂ ಬಣ್ಣ, ಬಟ್ಟೆ, ಪ್ರಯಾಣಗಳ ವೆಚ್ಚದೊಡನೆ ಮರ್ಯಾದೆಯ ಸಂಭಾವನೆ ಸಲ್ಲಲಿ. ಶಾಲು ಹೊದಿಸಿ ಬರಿಗೈಯಲ್ಲಿ ಕಳುಹಿಸುವ ಪದ್ಧತಿ ಕಲೆಗೆ ಗೌರವ ತರುವುದಿಲ್ಲ. ಚಿತ್ರ ಬರೆಯುವವರೊಡನೆ ನಕ್ಷೆ ತೆಗೆಯುವ ನೇಕಾರ, ಕಸೂತಿ ಹಾಕುವ ತಾಯಿ, ನಾಟಕದ ಪರದೆ ಬರೆದ ಹಿರಿಯ—ಇವರೂ ಕಲಾವಿದರೆಂದೇ ಆಹ್ವಾನಿತರಾಗಲಿ. ವೇದಿಕೆಯ ಭಾಷಣಗಳು ಕಿರಿದಾಗಿ, ನೋಡುವ ಹೊತ್ತು ಹಿರಿದಾಗಲಿ.

ದಾನಿಗಳಲ್ಲಿ ಒಂದು ವಿಶೇಷ ವಿಜ್ಞಾಪನೆ. ಕೊಠಡಿಯ ಮೇಲಿನ ಹಾಲುಗಲ್ಲಿನಲ್ಲಿ ಹೆಸರು ಕೆತ್ತಿಸುವುದು ಸಹಜವೂ ಸ್ತುತ್ಯವೂ ಆದ ಅಭಿಲಾಷೆ. ಅದರ ಜೊತೆಗೆ ವರ್ಷಕ್ಕೊಂದು ಕೃತಿಯನ್ನು ಯೋಗ್ಯ ಬೆಲೆಗೆ ಕೊಂಡು ಶಾಲೆಗೆ ಒಪ್ಪಿಸಿದರೆ ಇಪ್ಪತ್ತೈದು ವರ್ಷಗಳಲ್ಲಿ ಇಪ್ಪತ್ತೈದು ನಾಳೆಗಳು ಅದರ ಗೋಡೆಯ ಮೇಲೆ ಕೂಡುತ್ತವೆ. ಆಗಿನ ವಿದ್ಯಾರ್ಥಿಯು ಅವುಗಳ ಮುಂದೆ ನಿಂತು, ಹಿರಿಯರು ಬಯಸಿದ್ದೇನು, ಆದದ್ದೇನು, ತಾನು ಮಾಡಬೇಕಾದದ್ದೇನು ಎಂದು ಅಳೆದು ನೋಡಿಯಾನು. ಹಳೆಯ ವಿದ್ಯಾರ್ಥಿಗಳು ತಮ್ಮ ಓಣಿಯ ಕಲಾವಿದನನ್ನು ಗುರುತಿಸಿ ತರಲಿ. ಅಧ್ಯಾಪಕರು ಮಕ್ಕಳನ್ನು ಕರೆತಂದು ಬಾಯಿ ಮುಚ್ಚಿಸದೆ ನೋಡಗೊಡಲಿ. ಮುಧೋಳದ ಇನ್ನೊಬ್ಬ ಬಳೆಗಾರನ ಮಗನು ಆಶ್ರಯವನ್ನರಸಿ ಊರು ಬಿಡುವ ಮೊದಲು, ಊರೇ ಅವನನ್ನು ಹೆಸರು ಹಿಡಿದು ಕರೆಯುವಂತಾಗಲಿ.