ಯಾರೂ ತುಳಿಯದ ದಾರಿಯೇ?

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳಿಗೆ ಹೋಗಿಬಂದವರು ‘ಯಾರೂ ತುಳಿಯದ ದಾರಿ’, ‘ಎಂಥ ನಿಶ್ಶಬ್ದ’ ಎಂದು ಬರೆಯುತ್ತಾರೆ. ಈ ಭಾಗದಲ್ಲೇ ಸಂಶೋಧನೆ ಮಾಡುತ್ತಿರುವ ನನಗೆ ಎರಡರ ಮೇಲೂ ತಕರಾರಿದೆ.

ಯಾರೂ ತುಳಿದಿಲ್ಲವೆ? ಭೀಮಾ, ಅಮರ್ಜಾ ಕೂಡುವ ಅಫಜಲಪುರ ತಾಲ್ಲೂಕಿನ ಗಾಣಗಾಪುರಕ್ಕೆ ಮಹಾರಾಷ್ಟ್ರದ ದತ್ತಭಕ್ತರು ತಲೆಮಾರುಗಳಿಂದ ಬರುತ್ತಿದ್ದಾರೆ. ಆಳಂದದ ಲಾಡ್ಲೆ ಮಶಾಕ್ ದರ್ಗಾಕ್ಕೆ ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುತ್ತಾರೆ. ನಿಮಗೆ ಹೊಸದಾದದ್ದು ಲೋಕಕ್ಕೇ ಹೊಸದಲ್ಲ.

ಇನ್ನು ಆ ನಿಶ್ಶಬ್ದ. ಮಳೆಯನ್ನೇ ನಂಬಿದ ಹೊಲಗಳಲ್ಲಿ ತೊಗರಿ ರಾಶಿ ಮುಗಿದ ಮೇಲೆ ಕೂಲಿ ಸಿಗುವುದು ಕಷ್ಟ. ಜನ ಮುಂಬೈ, ಪುಣೆ, ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಮನೆಗೆ ಕೀಲಿ, ಕಟ್ಟೆಯ ಮೇಲೆ ಮುದುಕರು. ನೀವು ‘ನೆಮ್ಮದಿ’ ಎಂದು ಫೋಟೊ ತೆಗೆದದ್ದು ಇದನ್ನೇ. 2012ರಲ್ಲಿ ಸಂಸತ್ತು 371(ಜೆ)ಗೆ ಒಪ್ಪಿಗೆ ಕೊಟ್ಟಿತು. 2019ರಲ್ಲಿ ಇಲ್ಲಿನ ತೊಗರಿಗೆ ಭೌಗೋಳಿಕ ಸೂಚಕವೂ ಸಿಕ್ಕಿತು. ಗುಳೆ ಮಾತ್ರ ನಿಂತಿಲ್ಲ.

ಬರಬೇಡಿ ಎನ್ನುತ್ತಿಲ್ಲ. ಕೀಲಿ ಹಾಕಿದ ಬಾಗಿಲು ಕಂಡರೆ, ಈ ಮನೆಯವರು ಎಲ್ಲಿಗೆ ಹೋಗಿದ್ದಾರೆ ಎಂದು ಕಟ್ಟೆಯ ಮೇಲಿನ ಅಜ್ಜಿಯನ್ನು ಕೇಳಿ. ಆಕೆಯ ಉತ್ತರವನ್ನೂ ನಿಮ್ಮ ಪ್ರವಾಸಕಥನದಲ್ಲಿ ಬರೆಯಿರಿ.