ಓದಿಗೆ ಇಪ್ಪತ್ತೆರಡೇ ಮುಹೂರ್ತವೇ?

ತೆಂಗಿನ ಸಸಿ ನೆಟ್ಟವನನ್ನು ‘ಫಲ ಯಾವಾಗ?’ ಎಂದು ನಮ್ಮ ಕಡೆ ಯಾರೂ ಅವಸರಪಡಿಸುವುದಿಲ್ಲ. ಅದೇ ಜನ, ನಲವತ್ತು ದಾಟಿದ ಎಂಜಿನಿಯರೊಬ್ಬ ‘ಎಂ.ಟೆಕ್. ಓದಬೇಕೆಂದಿದ್ದೇನೆ’ ಎಂದರೆ ಸಾಕು, ‘ಇನ್ನು ಓದಿ ಏನು ಕಡಿದು ಗುಡ್ಡೆ ಹಾಕಬೇಕಪ್ಪ? ಮಗಳ ಮದುವೆಗೆ ನಾಲ್ಕು ಕಾಸು ಕೂಡಿಸು’ ಎಂದು ಬುದ್ಧಿ ಹೇಳಲು ಮುಂದಾಗುತ್ತಾರೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳಲ್ಲಿ ನಾನು ಈ ಹಿತವಚನವನ್ನು ಕೇಳಿ ಸಾಕಾಗಿದ್ದೇನೆ. ಅದು ಹಿತವೂ ಅಲ್ಲ, ವಿವೇಕವೂ ಅಲ್ಲ ಎಂಬುದೇ ನನ್ನ ವಾದ.

ಕಾನೂನಿನಲ್ಲೇನೋ ಅಡ್ಡಿಯಿಲ್ಲ. ಗೇಟ್ ಪರೀಕ್ಷೆಗೆ ವಯಸ್ಸಿನ ಮಿತಿಯೇ ಇಲ್ಲ. ಬಾಗಿಲು ತೆರೆದೇ ಇದೆ. ಹೊಸ್ತಿಲು ಮಾತ್ರ ಆಳೆತ್ತರ. ಎರಡು ವರ್ಷ ಹಗಲೆಲ್ಲ ತರಗತಿಯಲ್ಲಿ ಕೂರಬೇಕು. ಗೇಟ್ ಗೆದ್ದು ಪೂರ್ಣಾವಧಿ ಓದುವವನಿಗೆ ದೊರೆಯುವ ವಿದ್ಯಾರ್ಥಿವೇತನ ತಿಂಗಳಿಗೆ 12,400 ರೂಪಾಯಿ. ಹಾಸ್ಟೆಲಿನ ಹುಡುಗನಿಗೆ ಅದು ಹೇಗೋ ಸಾಕು. ಹೆಂಡತಿ ಮಕ್ಕಳು, ವಯಸ್ಸಾದ ತಾಯಿತಂದೆ ಇರುವವನಿಗೆ? ಓದಬೇಕೆಂದರೆ ಕೆಲಸ ಬಿಡು, ಕೆಲಸ ಬೇಕೆಂದರೆ ಓದು ಬಿಡು—ಇದು ಆಯ್ಕೆಯಲ್ಲ, ಕತ್ತರಿ.

‘ಅಷ್ಟಾಗಿ ಇವನು ಓದಿ ಯಾರಿಗೇನು ಲಾಭ?’ ಎನ್ನುವವರು ಒಮ್ಮೆ ನಮ್ಮ ಅಟ್ಟದ ಮೇಲೆ ಹತ್ತಿ ನೋಡಲಿ. ತಿಪಟೂರಿನ ಮಾರುಕಟ್ಟೆಗೆ ಹೆಸರು ತಂದ ಉಂಡೆ ಕೊಬ್ಬರಿ ಬಿಸಿಲಲ್ಲಿ ಒಣಗಿಸಿದ್ದಲ್ಲ. ಬಲಿತ ಕಾಯಿಯನ್ನು ಮಟ್ಟೆ ಸಮೇತ ಹತ್ತು ಹನ್ನೆರಡು ತಿಂಗಳು ಅಟ್ಟದಲ್ಲಿ ಇಡುತ್ತೇವೆ. ಒಳಗಿನ ನೀರು ಇಂಗಿ, ತಿರುಳು ಕರಟ ಬಿಟ್ಟು, ಅಲ್ಲಾಡಿಸಿದರೆ ಗಡಗಡ ಎನ್ನಬೇಕು. ಹಸಿ ತಿರುಳಿನಲ್ಲಿ ಹೆಚ್ಚು ಕಡಿಮೆ ಅರ್ಧ ಭಾಗ ನೀರು. ಒಣಗಿದ ಕೊಬ್ಬರಿಯಲ್ಲಿ ಉಳಿಯುವುದು ನೂರಕ್ಕೆ ಆರೇಳು ಪಾಲು. ಒಡೆಯದ ಕರಟದ ಮೂಲಕ ಆ ನೀರು ಹೊರಬೀಳುವ ಬಗೆಯೆಂಥದು? ಒಂದೇ ಅಟ್ಟದಲ್ಲಿ ಒಂದು ಮೂಲೆಯ ಕಾಯಿ ಕೊಬ್ಬರಿಯಾಗಿ, ಇನ್ನೊಂದು ಮೂಲೆಯದು ಕೊಳೆಯುವುದೇಕೆ? ಗಾಳಿ ಆಡುವಂತೆ ಅಟ್ಟ ಕಟ್ಟಿ ಈ ಕಾಲಾವಧಿಯನ್ನು ಕಡಿಮೆ ಮಾಡಬಹುದೇ? ಶಾಖ ಮತ್ತು ತೇವದ ಸಂಚಾರವೆಂದು ಪಠ್ಯಪುಸ್ತಕ ಕರೆಯುವ ವಿಷಯ ಇದೇ. ಇಪ್ಪತ್ತೆರಡರ ಹುಡುಗನಿಗೆ ಅದು ಪರೀಕ್ಷೆಯ ಸಮೀಕರಣ. ಇಪ್ಪತ್ತು ವರ್ಷ ಯಂತ್ರಗಳ ನಡುವೆ ದುಡಿದು, ಮನೆಯ ಅಟ್ಟದಲ್ಲಿ ಕೊಳೆತ ಕಾಯಿ ಆರಿಸಿದವನಿಗೆ ಅದು ಸ್ವಂತ ಪ್ರಶ್ನೆ. ಪ್ರಶ್ನೆ ಹೊತ್ತು ಬಂದವನ ಓದಿಗೂ ಪದವಿಗೆ ಬಂದವನ ಓದಿಗೂ ಅಜಗಜಾಂತರ.

ಇನ್ನು ಆಕ್ಷೇಪಗಳು. ‘ಸೀಟು ಹುಡುಗರದು, ಅದನ್ನು ಕಸಿಯಬಾರದು’ ಎಂಬುದು ಮೊದಲನೆಯದು. ಎಷ್ಟೋ ಕಾಲೇಜುಗಳಲ್ಲಿ ಎಂ.ಟೆಕ್. ಸೀಟುಗಳು ಕೇಳುವವರಿಲ್ಲದೆ ಬಿದ್ದಿರುವಾಗ ಕಸಿಯುವ ಮಾತೆಲ್ಲಿ ಬಂತು? ‘ಇಂಟರ್ನೆಟ್ಟಿನಲ್ಲೇ ಪಾಠಗಳಿವೆಯಲ್ಲ’ ಎಂಬುದು ಎರಡನೆಯದು. ಇವೆ, 2003ರಲ್ಲಿ ಶುರುವಾದ ಎನ್‌ಪಿಟಿಇಎಲ್ ಪಾಠಗಳು ನಿಜವಾಗಿಯೂ ದೊಡ್ಡ ಉಪಕಾರ. ಆದರೆ ಪರದೆಯ ಮೇಲೆ ತೇವ ಅಳೆಯಲಾಗದು. ಪ್ರಯೋಗಶಾಲೆ ಬೇಕು, ತಪ್ಪು ತಿದ್ದುವ ಗುರು ಬೇಕು. ‘ಬಡ್ತಿಗಾಗಿ ಸರ್ಟಿಫಿಕೇಟು ಕೊಳ್ಳುವವರೇ ಹೆಚ್ಚಾದಾರು’ ಎಂಬುದು ಮೂರನೆಯದು. ಈ ಭಯಕ್ಕೆ ಅರ್ಥವುಂಟು. ಅದಕ್ಕೆ ಮದ್ದು ಪರೀಕ್ಷೆಯನ್ನು ಬಿಗಿ ಮಾಡುವುದೇ ಹೊರತು ಬಾಗಿಲು ಮುಚ್ಚುವುದಲ್ಲ.

ವಿಶ್ವೇಶ್ವರಯ್ಯನವರ ಪಟವನ್ನು ಪ್ರತಿ ಕಾಲೇಜಿನ ಗೋಡೆಗೂ ನೇತುಹಾಕಿದ್ದೇವೆ. ಅವರು ಮುಂಬಯಿ ಸರ್ಕಾರದ ಸೇವೆ ಬಿಟ್ಟು 1908ರಲ್ಲಿ ಹೊರದೇಶಗಳಿಗೆ ಹೊರಟದ್ದು ವಿಹಾರಕ್ಕಲ್ಲ, ಅಲ್ಲಿನ ಕೆಲಸಗಳನ್ನು ನೋಡಿ ಕಲಿಯುವುದಕ್ಕೆ. ಆಗ ಅವರ ವಯಸ್ಸು ಐವತ್ತರ ಸಮೀಪ. ಪಟಕ್ಕೆ ಹೂವು ಏರಿಸುವ ನಾವು ಆ ಪಾಠವನ್ನು ಮಾತ್ರ ಜಾಣತನದಿಂದ ಮರೆತಿದ್ದೇವೆ.

ದಾರಿಗಳು ಇಲ್ಲವೆಂದಲ್ಲ. ಎಂಜಿನಿಯರಿಂಗ್ ಅಧ್ಯಾಪಕರು ಮೇಲಿನ ಓದಿಗೆ ಹೋಗಲೆಂದು ಕೇಂದ್ರ ಸರ್ಕಾರ 1970ರಲ್ಲೇ ಗುಣಮಟ್ಟ ಸುಧಾರಣಾ ಯೋಜನೆಯನ್ನು ತಂದಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಕೆಲಸದಲ್ಲಿದ್ದುಕೊಂಡೇ ಪಿಎಚ್.ಡಿ.ಗೆ ನೋಂದಾಯಿಸಿಕೊಳ್ಳಲು ಬಾಹ್ಯ ನೋಂದಣಿಯ ವ್ಯವಸ್ಥೆಯಿದೆ. ಮೇಷ್ಟರಿಗೆ ಸಲ್ಲುವ ನ್ಯಾಯ ಲೋಕೋಪಯೋಗಿ ಇಲಾಖೆಯ ಎಂಜಿನಿಯರಿಗೆ, ನಾರಿನ ಕಾರ್ಖಾನೆಯ ಮೇಲ್ವಿಚಾರಕನಿಗೆ ಏಕೆ ಸಲ್ಲಬಾರದು? ತಿಪಟೂರಿನಿಂದ ಬೆಂಗಳೂರು ಸುಮಾರು 140 ಕಿಲೋಮೀಟರು. ಸಂಜೆಯ ತರಗತಿಗೆ ದಿನಾ ರೈಲು ಹತ್ತುವುದು ಆಗದ ಮಾತು.

ತಿಪಟೂರಿನಲ್ಲೇ ಕಲ್ಪತರು ತಾಂತ್ರಿಕ ಮಹಾವಿದ್ಯಾಲಯವಿದೆ. ತುಮಕೂರಿನಲ್ಲಿ 1963ರಿಂದ ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯವಿದೆ. ಕೊನೇಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಇಂಥ ಕಡೆ ಶನಿವಾರ, ಭಾನುವಾರ ತರಗತಿ ನಡೆಯಲಿ. ಎರಡು ವರ್ಷದ್ದು ಮೂರೋ ನಾಲ್ಕೋ ವರ್ಷವಾಗಲಿ. ಮರೆತ ಗಣಿತವನ್ನು ನೆನಪಿಸಲು ಮೊದಲ ಕೆಲವು ತಿಂಗಳು ಮೀಸಲಿರಲಿ. ಪ್ರಬಂಧದ ವಿಷಯ ಈ ಸೀಮೆಯ ಅಟ್ಟ, ನಾರು, ಕೊಳವೆ ಬಾವಿಗಳಿಂದಲೇ ಬರಲಿ. ದುಡಿಸಿಕೊಳ್ಳುವವರು ವಾರಕ್ಕೊಂದು ದಿನ ಸಂಬಳ ಸಹಿತ ಬಿಡುವು ಕೊಡಲಿ. ನಿಯಮ ಅಡ್ಡ ಬಂದರೆ ನಿಯಮವನ್ನೇ ತಿದ್ದಲಿ, ಅದೇನು ಶಿಲಾಶಾಸನವಲ್ಲ.

ಇಪ್ಪತ್ತೆರಡಕ್ಕೆ ಮುಗಿದ ವಿದ್ಯೆಯಲ್ಲಿ ಅರವತ್ತರವರೆಗೆ ಸೇತುವೆ ಕಟ್ಟು, ಯಂತ್ರ ನಡೆಸು ಎಂದು ಒಬ್ಬನಿಗೆ ಹೇಳುವುದು ಅವನಿಗೆ ಮಾತ್ರ ಮಾಡುವ ಅನ್ಯಾಯವಲ್ಲ. ಆ ಸೇತುವೆಯ ಮೇಲೆ ನಡೆಯುವ ನಮಗೆ ನಾವೇ ಮಾಡಿಕೊಳ್ಳುವ ಅನ್ಯಾಯ.